ಸೀಟಿನ ಮೇಲಿನ ಟವಲು

"ಯಾರವ್ವ ನನ್ ಟವಲ್ ಎತ್ತಿದ್ದು?"

ಕಳೆದ ತಿಂಗಳು ಹಳೇಬೀಡಿನ ಸ್ಟ್ಯಾಂಡಿನಲ್ಲಿ ಅಜ್ಜಿಯೊಬ್ಬರು ಹೀಗೆ ಗದರಿದಾಗ, ಟೀ ಅಂಗಡಿಯ ಮುಂದಿದ್ದವರೆಲ್ಲ ನನ್ನತ್ತ ತಿರುಗಿದರು. ಎತ್ತಿದ್ದು ನಾನೇ.

ಬೇಲೂರಿಗೆ ಹೋಗುವ ಟೆಂಪೋ ಸೀಟು ತುಂಬದೆ ಹೊರಡುವುದಿಲ್ಲ. ಬಂದವರು ಸೀಟಿನ ಮೇಲೆ ಟವಲೋ ಚೀಲವೋ ಇಟ್ಟು ಟೀ ಕುಡಿಯಲು ಹೋಗುತ್ತಾರೆ. ಡ್ರೈವರ್ ಎಣಿಸುವುದು ಅವನ್ನೇ. (ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಇದೇ ಊರಿನವಳು.) ಆದರೆ ರಜೆಗೆ ಊರಿಗೆ ಬಂದಿದ್ದರೂ ತಲೆ ಲ್ಯಾಬಿನಲ್ಲಿತ್ತು. ಕೈ ಮಾತ್ರ ಅಭ್ಯಾಸದಂತೆ ಸೀಟುಗಳ ಮೇಲಿದ್ದ ಎಲ್ಲವನ್ನೂ ಒಪ್ಪವಾಗಿ ಹಿಂದಿನ ಮೂಲೆಗೆ ಜೋಡಿಸಿಟ್ಟಿತ್ತು.

ಲ್ಯಾಬಿನಲ್ಲಿ ನನ್ನ ಕೆಲಸ, ಬ್ಯಾಕ್ಟೀರಿಯಾಗಳಿಂದ ಒಂದು ಪ್ರೋಟೀನು ಮಾಡಿಸುವುದು. ಹಾಲು ಒಗ್ಗದವರಿಗೆ ಹಾಲು ಅರಗಿಸಿಕೊಡುವಂಥದ್ದು. ಬ್ಯಾಕ್ಟೀರಿಯಾಗಳೂ ಮಾತಾಡಿಕೊಳ್ಳುತ್ತವೆ. ಪ್ರತಿಯೊಂದೂ ಸುತ್ತಲಿನ ದ್ರವಕ್ಕೆ ಚೂರು ರಾಸಾಯನಿಕ ಬಿಡುತ್ತದೆ. ಅದು ಸಾಕಷ್ಟು ಸೇರಿದಾಗ, ನಾವು ತುಂಬ ಜನ ಇದ್ದೇವೆ ಎಂದು ತಿಳಿದು ಒಟ್ಟಿಗೆ ಕೆಲಸ ಶುರುಮಾಡುತ್ತವೆ. ಆ ಕೆಲಸ ನಮ್ಮ ಪ್ರೋಟೀನು ತಯಾರಿಯೇ ಆಗುವಂತೆ ಅವುಗಳ ಜೀನು ತಿದ್ದಿದ್ದೆ.

ಎಂಟು ತಿಂಗಳಾಗಿತ್ತು. ಪ್ರೋಟೀನಿನ ಸುಳಿವಿರಲಿಲ್ಲ. "ಇನ್ನೊಂದು ಸಲ ನೋಡಿ, ಬರದಿದ್ದರೆ ಬಿಟ್ಟುಬಿಡೋಣ" ಎಂದಿದ್ದರು ನನ್ನ ಪಿಎಚ್‌ಡಿ ಗೈಡ್.

ಇತ್ತ ಅಜ್ಜಿ ಡ್ರೈವರನ್ನು ಹಿಡಿದುಕೊಂಡಿದ್ದರು. "ಇಷ್ಟೊಂದ್ ಜನ ಇಲ್ಲೇ ನಿಂತಿದೀವಿ, ಕಣ್ ಕಾಣಾಕಿಲ್ವೇನ್ಲಾ?"

"ಟವಲ್ ಇಲ್ದೆ ನಂಗೆಂಗೆ ಗೊತ್ತಾಗ್ಬೇಕು ಅಜ್ಜಿ? ಜನ ಬಂದಿಲ್ಲ ಅಂತ ಕಾಯ್ತಾ ಕುಂತೆ."

ಹಿಂದಿನ ಮೂಲೆಯಿಂದ ಅಜ್ಜಿಯ ಟವಲು ತಂದ ನಾನು, ಆ ಮಾತು ಕೇಳಿ ಅದನ್ನು ಹಿಡಿದೇ ನಿಂತುಬಿಟ್ಟೆ.

ಲ್ಯಾಬಿನಲ್ಲಿ ಗಲೀಜು ಸೇರಬಾರದೆಂದು ನಾನು ಕೆಲವು ಗಂಟೆಗೊಮ್ಮೆ ಹಳೆಯ ದ್ರವ ಚೆಲ್ಲಿ, ಬ್ಯಾಕ್ಟೀರಿಯಾಗಳನ್ನು ತೊಳೆದು, ಹೊಸದರಲ್ಲಿ ಬಿಡುತ್ತಿದ್ದೆ. ಅವುಗಳ ಮಾತೆಲ್ಲ ಆ ಹಳೆಯ ದ್ರವದಲ್ಲಿತ್ತು! ಕೋಟಿಗಟ್ಟಲೆ ಸೇರಿದ್ದರೂ ಪ್ರತಿಯೊಂದೂ ತಾನು ಒಂಟಿ ಎಂದುಕೊಂಡು ಕಾಯುತ್ತಿತ್ತು. ಎಂಟು ತಿಂಗಳು ನಾನು ಟವಲು ಎತ್ತಿಡುತ್ತಲೇ ಇದ್ದೆ.

"ಏನವ್ವ ಹಂಗ್ ನಿಂತೆ? ಬೈದಿದ್ದು ಬೇಜಾರಾಯ್ತಾ? ಬಾ, ಕುಂತ್ಕೋ" ಎಂದು ಅಜ್ಜಿ ಪಕ್ಕಕ್ಕೆ ಸರಿದರು. ಬೇಲೂರಿನವರೆಗೂ ನಾನು ಮನಸ್ಸಿನಲ್ಲೇ ಹೊಸ ಪ್ರಯೋಗ ಜೋಡಿಸುತ್ತ ಕೂತಿದ್ದೆ.

ಮರುದಿನವೇ ಅರಸೀಕೆರೆಯಲ್ಲಿ ರೈಲು ಹಿಡಿದು ಲ್ಯಾಬಿಗೆ ಹೋದೆ. ಈ ಸಲ ತೊಳೆಯಲಿಲ್ಲ, ಮುಟ್ಟಲೂ ಇಲ್ಲ. ಎರಡು ದಿನದ ನಂತರ ಪರೀಕ್ಷಿಸಿದರೆ ಪ್ರೋಟೀನು ಇರಬೇಕಾದ ಜಾಗದಲ್ಲಿ ದಪ್ಪನೆಯ ನೀಲಿ ಗೆರೆ. ಗೈಡ್ ನೋಡಿ, "ಮುಂದುವರಿಸಿ" ಎಂದರು. ಅಷ್ಟೇ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಸುಮ್ಮನೆ ಉಸಿರಾಡಿದೆ.

ಪ್ರಬಂಧದ ಕೊನೆಗೆ ನೆರವಾದವರನ್ನು ನೆನೆಯುವ ಪುಟವೊಂದಿರುತ್ತದೆ. ಅಲ್ಲಿ ಅಜ್ಜಿಯ ಹೆಸರು ಬರೆಯೋಣವೆಂದರೆ, ಅಷ್ಟು ದೂರ ಪಕ್ಕದಲ್ಲೇ ಕೂತ ನಾನು ಹೆಸರೇನೆಂದು ಒಂದು ಮಾತು ಕೇಳಿದ್ದೆನೇ?