ಎಡಗೈಗೆ ಹದವಾದ ಸ್ಟೇರಿಂಗು

ಟಿ. ದಾಸರಹಳ್ಳಿಯ ನರಸಪ್ಪ ಯಾರ ಕೈಕೆಳಗೂ ಕಲಿತವನಲ್ಲ. ಕೆಟ್ಟ ಗಾಡಿಗಳನ್ನು ಬಿಚ್ಚಿ ಬಿಚ್ಚಿಯೇ ಮೆಕ್ಯಾನಿಕ್ಕಾದವನು. ಅವನ ಕೈಗೆ ಸಿಗದೆ ಉಳಿದದ್ದು ಒಂದೇ ಗಾಡಿ: ಚಿಕ್ಕಬಾಣಾವರದ ಗೆಳೆಯ ಗೋಪಾಲಪ್ಪ ಹರಾಜಿನಲ್ಲಿ ಹಿಡಿದು ತಂದ ಹಳೇ ಮಿಲಿಟರಿ ಜೀಪು. ಅದರ ಸ್ಟೇರಿಂಗ್ ಬಾಕ್ಸಿನಿಂದ ಎಣ್ಣೆ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಗೋಪಾಲಪ್ಪನ ಹೆಂಡತಿ ಚಿಕ್ಕಮುನಿಯಮ್ಮ ದಿನಾ ಅದರ ಕೆಳಗೆ ಒಂದು ತಗಡಿನ ತಟ್ಟೆ ಇಡುತ್ತಿದ್ದಳು. "ಬಿಟ್ಟೋಗು, ಸರಿ ಮಾಡ್ತೀನಿ" ಅಂತ ನರಸಪ್ಪ ಅಂದರೆ ಗೋಪಾಲಪ್ಪ, "ಇದನ್ನ ಬಿಟ್ಟು ಒಂದಿನಾನೂ ಇರಕಾಗಕಿಲ್ಲ" ಅಂತ ಬಾಕ್ಸಿಗೆ ಗ್ರೀಸು ತುರುಕಿ ಓಡಿಸುತ್ತಿದ್ದ.

ಹೋದ ವರ್ಷ ಲಕ್ವ ಹೊಡೆದು ಗೋಪಾಲಪ್ಪನ ಬಲಭಾಗ ಬಿದ್ದುಹೋಯಿತು. ಕೋಲೂರಿ ನಾಲ್ಕು ಹೆಜ್ಜೆ ಇಡುವಂತಾದ ಮೇಲೆ ನರಸಪ್ಪನಿಗೆ ಹೇಳಿ ಕಳಿಸಿದ.

"ಸ್ಟೇರಿಂಗು ಎಡಗೈ ಒಂದ್ರಲ್ಲೇ ತಿರುಗಂಗೆ ಮಾಡ್ಕೊಡ್ಲಾ ನರಸ. ಒಂದ್ಸಲ ಕೆರೆ ಏರಿ ಮ್ಯಾಲೆ ಓಡುಸ್ಬೇಕು."

"ನೀನಾದ್ರೂ ಬುದ್ಧಿ ಹೇಳಣ್ಣ" ಅಂದಳು ಚಿಕ್ಕಮುನಿಯಮ್ಮ. ನರಸಪ್ಪ ಹೇಳಲಿಲ್ಲ. ಆ ಆಸೆಯೇ ಗೆಳೆಯನನ್ನು ಹಾಸಿಗೆಯಿಂದ ಎಬ್ಬಿಸಿದೆ ಎಂದು ಅವನಿಗೆ ಗೊತ್ತಿತ್ತು.

ಅಂಗಳದಲ್ಲೇ ಬಾಕ್ಸು ಬಿಚ್ಚಿದ. ಗ್ರೀಸು ಮೂಲೆಮೂಲೆಗೆ ಸರಿದು ಗಟ್ಟಿಯಾಗಿ ಕೂತಿತ್ತು, ಒಳಗಿನ ಗೇರಿನ ಹಲ್ಲುಗಳು ಜಿಡ್ಡೇ ಕಾಣದೆ ಸವೆದಿದ್ದವು.

"ಗ್ರೀಸೇನ್ಲಾ ಇದು, ಬಾಣಂತಿ ಲೇಹ್ಯ!"

ಜಗಲಿಯ ಮೇಲಿದ್ದ ಗೋಪಾಲಪ್ಪ ಸೊಟ್ಟ ಬಾಯಲ್ಲೇ ನಕ್ಕ.

ಶಾಫ್ಟನ್ನು ಹಿಡಿದಿಡುವ ಬಳೆಯಂಥ ಬುಷ್ ಸವೆದು ಶಾಫ್ಟು ಅಲ್ಲಾಡುತ್ತಿತ್ತು. ಅಲ್ಲಾಡುವ ಶಾಫ್ಟಿಗೆ ಎಷ್ಟು ಹೊಸ ಸೀಲು ಹಾಕಿದರೂ ಎಣ್ಣೆ ನಿಲ್ಲುವುದಿಲ್ಲ. ಪೀಣ್ಯದ ಲೇತಿನಲ್ಲಿ ಕಂಚಿನ ಬುಷ್ ಮಾಡಿಸಿ ತಂದು, ಸೀಲು ಕೂರಿಸಿ, ಎಣ್ಣೆ ತುಂಬಿದ. ಹಲ್ಲುಗಳ ನಡುವಿನ ಸಡಿಲ ತೆಗೆಯಲು ಸ್ಕ್ರೂ ಬಿಗಿದರೆ ಸ್ಟೇರಿಂಗು ಭಾರವಾಗುತ್ತಿತ್ತು. ತನ್ನ ಬಲಗೈಯನ್ನು ಬೆನ್ನ ಹಿಂದೆ ಮಡಚಿಕೊಂಡು, ಎಡಗೈಯಲ್ಲೇ ತಿರುಗಿಸಿ ತಿರುಗಿಸಿ ಹದ ನೋಡಿದ.

ಮಾರನೆಯ ಬೆಳಿಗ್ಗೆ ತಟ್ಟೆ ಒಣಗಿತ್ತು. "ಒಂದ್ ತೊಟ್ಟೂ ಇಲ್ಲ ಕಣಣ್ಣ" ಅಂತ ಚಿಕ್ಕಮುನಿಯಮ್ಮ ಅದನ್ನು ಬೋರಲು ಹಾಕಿ ತೋರಿಸಿದಳು.

ಗೋಪಾಲಪ್ಪ ಹತ್ತಿ ಕೂತ. ಪಕ್ಕದಲ್ಲಿ ನರಸಪ್ಪ. ಸ್ಟೇರಿಂಗು ಎಡಗೈಗೆ ಬೆಣ್ಣೆಯಂತೆ ತಿರುಗಿತು. ಜೀಪು ಮೆಲ್ಲಗೆ ಗೇಟಿನತ್ತ ಹೊರಟಿತು.

"ಸಾಕು, ಬ್ರೇಕ್ ಒತ್ತು" ಅಂದ ನರಸಪ್ಪ.

ಬಲಗಾಲು ಎಕ್ಸಿಲರೇಟರ್ ಮೇಲಿಂದ ಏಳಲಿಲ್ಲ. ಯಾರದೋ ಕಾಲನ್ನು ನೋಡುವಂತೆ ಗೋಪಾಲಪ್ಪ ಅದನ್ನು ನೋಡಿದ. ನರಸಪ್ಪ ತಟ್ಟನೆ ಕೀಲಿ ತಿರುಗಿಸಿ ಹ್ಯಾಂಡ್‌ಬ್ರೇಕ್ ಎಳೆದ. ಗೇಟು ಒಂದು ಗೇಣು ದೂರವಿತ್ತು. ಇಷ್ಟು ದಿನ ಕೈಯದ್ದೇ ಚಿಂತೆಯಲ್ಲಿ ಇಬ್ಬರೂ ಕಾಲನ್ನು ಮರೆತಿದ್ದರು.

ಗೋಪಾಲಪ್ಪ ಎಡಗೈಯಿಂದ ಆ ಕಾಲನ್ನೆತ್ತಿ ಪಕ್ಕಕ್ಕಿಟ್ಟ.

"ಸ್ಟೇರಿಂಗ್ ಚೆನ್ನಾಗೈತೆ ಕಣ್ಲಾ" ಅಂದ ಗೋಪಾಲಪ್ಪ. "ನೀನೇ ಓಡ್ಸು."

ಆ ಜೀಪಿನ ಎಡಗಡೆ ಸೀಟಿನಲ್ಲಿ ಅವನು ಎಂದೂ ಕೂತವನಲ್ಲ. ಅವತ್ತು ಕೂತ. ಕೆರೆ ಏರಿಯ ತಿರುವಿನಲ್ಲಿ ನರಸಪ್ಪ ಓರೆಗಣ್ಣಲ್ಲಿ ನೋಡಿದ. ಗೆಳೆಯನ ಎಡಗೈ ತೊಡೆಯ ಮೇಲೆ, ಇಲ್ಲದ ಸ್ಟೇರಿಂಗನ್ನು ಹಿಡಿದು, ರಸ್ತೆ ತಿರುಗಿದಂತೆಲ್ಲ ತಿರುಗುತ್ತಿತ್ತು.