ಸುಣ್ಣ ತಾಗದ ಗೆರೆ

ಬಾಬುಸಾಬರು ಸುಣ್ಣ ಬಳಿದ ಗೋಡೆಯನ್ನು ಗುರುತಿಸುವುದು ಸುಲಭವಿತ್ತು. ಎಲ್ಲೋ ಒಂದು ಕಡೆ ಬೆರಳಗಲದ ಗೆರೆ ಬಳಿಯದೆ ಉಳಿದಿರುತ್ತಿತ್ತು. ಹರಿಹರದ ಹೊಳೆದಂಡೆಯ ಹಳೇ ಓಣಿಗಳಲ್ಲಿ ಪ್ರವಾಹದ ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿನ ಮಣ್ಣಿನ ಕಲೆಯ ಮೇಲೆ ಅವರು ಬ್ರಷ್ಷು ಆಡಿಸುತ್ತಿರಲಿಲ್ಲ.

ನಾನು ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ಭಾನುವಾರದ ಬಸ್ಸು ಹಿಡಿದು ಆ ಓಣಿಗಳನ್ನು ಸುತ್ತಲು ಹೋಗುತ್ತಿದ್ದೆ. ಕಂಡ ಬಾಗಿಲು, ಮೆಟ್ಟಿಲುಗಳನ್ನೆಲ್ಲ ಎಣಿಸಿ ಡೈರಿಯಲ್ಲಿ ಬರೆಯುವುದು ನನ್ನ ಚಟ. ಮೂರನೇ ಭಾನುವಾರ ಬಾಬುಸಾಬರು ಮಂಡಕ್ಕಿ ಮಾರುವ ಗೌರಮ್ಮನ ಮನೆಗೆ ಸುಣ್ಣ ಬಳಿಯುತ್ತಿದ್ದರು.

"ಯಾಕ್ರಿ ಸಾಬ್ರೇ, ಸುಣ್ಣ ಸಾಲ್ಲಿಲ್ಲೇನು?" ಎಂದು ಗೌರಮ್ಮ ಕೆಣಕಿದರು.

"ಸುಣ್ಣ ಬೇಕಾದಷ್ಟೈತೆ, ಗೌರಕ್ಕ. ಹೊಳಿ ಬಂದಾಗ ಚೀಲ ಎಷ್ಟು ಮ್ಯಾಲಿಡ್ಲಿ ಅಂತ ನನ್ನ ಕೇಳಬ್ಯಾಡ, ಇದನ್ನ ನೋಡು."

ಮರುವರ್ಷ ಮಂಡಿನೋವಿನಿಂದ ಅವರು ಏಣಿ ಹತ್ತುವುದನ್ನು ಬಿಟ್ಟರು. ಹೊಸ ಪೇಂಟರುಗಳು ಗೆರೆಗಳನ್ನು ಒಂದೊಂದಾಗಿ ಮುಚ್ಚತೊಡಗಿದರು. "ನಿನ್ನ ಪುಸ್ತಕದಾಗ ಬರ್ಕೋ ಬೇಟಿ. ಇಲ್ಲಾಂದ್ರ ಯಾರಿಗೂ ಗೊತ್ತಾಗಂಗಿಲ್ಲ" ಎಂದರು ಬಾಬುಸಾಬರು. ಟೇಪು ತಂದು ಎರಡು ಭಾನುವಾರಗಳಲ್ಲಿ ಹತ್ತೊಂಬತ್ತು ಮನೆಗಳ ಗೆರೆಯ ಎತ್ತರ ಅಳೆದು, ಹೆಮ್ಮೆಯಿಂದ ಪುಟ ತೋರಿಸಿದೆ.

"ಎಲ್ಲಿಂದ ಅಳದಿ?"

"ರಸ್ತೆಯಿಂದ, ಚಾಚಾ."

ಅವರು ಬೀಡಿ ಕೆಳಗಿಟ್ಟು ನಕ್ಕರು. "ಕಾಂಕ್ರೀಟು ಹಾಕಿ ಹಾಕಿ ರಸ್ತೆ ಎದ್ದು ನಿಂತೈತೆ. ನಿನ್ನ ಲೆಕ್ಕದಾಗ ಹೊಳಿ ವರ್ಷಾ ವರ್ಷಾ ಗಿಡ್ಡ ಆಗ್ತೈತೆ. ಹೊಸ್ತಿಲಿಂದ ಅಳಿ."

ಹತ್ತೊಂಬತ್ತನ್ನೂ ಹೊಡೆದುಹಾಕಿದೆ. ಮತ್ತೆ ಅಳೆಯುವಾಗ ಅವರೂ ಬಂದರು, ಪ್ರತಿ ಕಟ್ಟೆಯ ಮೇಲೂ ಕೂತು ಸುಧಾರಿಸಿಕೊಳ್ಳುತ್ತ. ಬಳಿದು ಹೋಗಿದ್ದ ಗೆರೆ ಎಲ್ಲಿತ್ತೆಂದು ಅಂಗೈಯಿಂದ ಗೋಡೆ ಸವರಿ ತೋರಿಸುತ್ತಿದ್ದರು. 'ಹನ್ನೊಂದು ಮನೆ, ಏಳು ಚಹಾ' ಎಂದು ಮೊದಲ ದಿನದ ಪುಟದಲ್ಲಿದೆ. ಏಳರಲ್ಲಿ ಐದಕ್ಕೆ ಅವರು ಸಕ್ಕರೆ ಕಮ್ಮಿ ಎಂದಿದ್ದರು.

ಈ ವರ್ಷ ಮಳೆಗಾಲಕ್ಕೆ ಮುಂಚೆಯೇ ಅವರು ತೀರಿಕೊಂಡರು. ಅಷ್ಟರಲ್ಲಿ ಗೌರಮ್ಮನ ಗೋಡೆಯೂ ಹಸಿರು ಬಣ್ಣ ಕಂಡಿತ್ತು. ಹೊಳೆ ಏರತೊಡಗಿದ ದಿನ ಗೌರಮ್ಮನ ಫೋನು ಬಂತು. "ತಂಗಿ, ಮನಿ ತುಂಬ ಮಂಡಕ್ಕಿ ಚೀಲ ಅದಾವು. ಸಾಬ್ರ ಗೆರಿ ಎಲ್ಲಿತ್ತವ್ವ?"

ಡೈರಿ ತೆಗೆದು ಓದಿದೆ: ಹೊಸ್ತಿಲಿಂದ ಮೂರಡಿ ಎರಡು ಇಂಚು.

ನೀರು ಅದಕ್ಕಿಂತ ನಾಲ್ಕು ಬೆರಳು ಕೆಳಗೆ ನಿಂತಿತು. ಆ ಗೆರೆಗಿಂತ ಎತ್ತರದ ಅಟ್ಟಣಿಗೆ ಏರಿದ್ದ ಚೀಲಗಳಲ್ಲಿ ಒಂದೂ ನೆನೆಯಲಿಲ್ಲ. ನೀರಿಳಿದ ಮೇಲಿನ ಭಾನುವಾರ ಹೋದಾಗ ಗೌರಮ್ಮ ನನ್ನ ಕೈಗೆ ಚಾಕು ಕೊಟ್ಟರು. ಹೊಸ್ತಿಲಿಂದ ಟೇಪು ಹಿಡಿದು, ಮೂರಡಿ ಎರಡು ಇಂಚಿನಲ್ಲಿ ಹಸಿರನ್ನು ಬೆರಳಗಲ ಕೆರೆದೆ. ಅದರಡಿ ಸುಣ್ಣವಿರಲಿಲ್ಲ. ಮಣ್ಣಿನ ಕಲೆಯಿತ್ತು.