ಕಂಪ್ಯೂಟರಿನಲ್ಲಿ ಹಾಕಿದ ಪಿಳ್ಳೆಯಾರ್ ಸುಳಿ

ಪೆರಂಬೂರಿನ ಆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಿಲ್ ಬರೆಯುವ ಕುರ್ಚಿ ನನ್ನದಾಗಿತ್ತು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಕೊಳ್ಳೇಗಾಲದ ಕಡೆಯಿಂದ ಆ ತಮಿಳು ಊರಿಗೆ ಬಂದವನು, ವೈರಿನ ಸುರುಳಿ ಹೊತ್ತು ಹೊತ್ತು ಆ ಕುರ್ಚಿಗೆ ಬಂದಿದ್ದೆ. ಯಾರ ಶಿಫಾರಸೂ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಮೊದಲಾಳಿ, ಅಂದರೆ ಅಂಗಡಿಯ ಯಜಮಾನರು, ಕಂಪ್ಯೂಟರ್ ತರಿಸುವುದೆಂದು ತೀರ್ಮಾನಿಸಿದರು.

“ಯೋವ್, ಕಲಿತರೆ ಕುರ್ಚಿ ನಿನ್ನದೇ. ಇಲ್ಲಾಂದ್ರೆ ಬೇರೆ ಆಳು ನೋಡ್ತೀನಿ,” ಎಂದರು ತಮಿಳಿನಲ್ಲಿ. ನಗುತ್ತಲೇ ಹೇಳಿದರು, ಆದರೆ ಅವರು ತಮಾಷೆಗೆ ಮಾತಾಡುವವರಲ್ಲ.

ಸಾಫ್ಟ್‌ವೇರ್ ಮಾಡುವವರ ಆಫೀಸು ನುಂಗಂಬಾಕ್ಕಂನಲ್ಲಿ. ಕಲಿಯಲು ನನ್ನನ್ನು ಅಲ್ಲಿಗೇ ಕಳಿಸಿದರು. ಪ್ರೋಗ್ರಾಂ ಒಂದೇ ತುಂಡಲ್ಲ. ಬಿಲ್ಲಿಗೊಂದು, ಸ್ಟಾಕಿಗೊಂದು, ಗಿರಾಕಿಗಳ ಲೆಕ್ಕಕ್ಕೊಂದು ಮಾಡ್ಯೂಲ್. ಬೇರೆ ಬೇರೆ ಜನ ಮಾಡಿ ಕೊನೆಗೆ ಜೋಡಿಸುತ್ತಿದ್ದರು. ಅದನ್ನು ಟೆಸ್ಟ್ ಮಾಡುವವಳು ಮೈಸೂರಿನ ಹುಡುಗಿ. ನನ್ನ ಕನ್ನಡ ಕೇಳಿ ಅವಳ ಮುಖ ಅರಳಿತು.

“ಅಣ್ಣಾ, ಅಂಗಡೀಲಿ ಹೇಗೆ ಬಿಲ್ ಹಾಕ್ತೀರೋ ಹಾಗೇ ಹಾಕಿ. ನೀವು ಒತ್ತಿದ್ದನ್ನೆಲ್ಲ ಈ ಟೂಲ್ ನೆನಪಿಟ್ಕೊಳ್ಳುತ್ತೆ. ಆಮೇಲೆ ತಾನೇ ಒತ್ತಿ ನೋಡುತ್ತೆ.”

ಹಾಕಿದೆ. ಮತ್ತೆ ಓಡಿಸಿದಾಗ, ನಾನು ಕೈ ಕಟ್ಟಿ ಕೂತಿದ್ದರೂ ಪರದೆಯ ಮೇಲೆ ನನ್ನ ಬಿಲ್ಲುಗಳು ತಾವಾಗಿ ಮೂಡಿದವು, ನನ್ನ ತಡವರಿಕೆಯೂ ಸೇರಿ. ಹೆಮ್ಮೆಯಾಯಿತು.

ಒಂದೊಂದೇ ಮಾಡ್ಯೂಲ್ ಓಡಿಸಿದರೆ ಪರದೆಯಲ್ಲಿ ಹಸಿರು, ಎಲ್ಲ ಸರಿ ಎಂದು. ಮೂರನ್ನೂ ಜೋಡಿಸಿದರೆ ಕೆಂಪು, ಎಲ್ಲೋ ತಪ್ಪು ಎಂದು. ದಿನದ ಮೊದಲ ಬಿಲ್ಲು ಯಾವಾಗಲೂ ಎರಡನೇ ನಂಬರಿನ ಗಿರಾಕಿಯ ಹೆಸರಿಗೇ ಬರುತ್ತಿತ್ತು. ಅವಳು ನನ್ನ ಪಕ್ಕ ಕೂತು ಬೆರಳು ನೋಡಿದಳು.

“ಗಿರಾಕಿ ನಂಬರಿನ ಜಾಗದಲ್ಲಿ ಮೊದಲು ಎರಡು ಒತ್ತಿ ಅಳಿಸ್ತೀರಲ್ಲ, ಯಾಕಣ್ಣ?”

“ಪಿಳ್ಳೆಯಾರ್ ಸುಳಿ ಕಣಮ್ಮ.”

ತಮಿಳರು ಏನೇ ಬರೆಯಲಿ, ಹಾಳೆಯ ತಲೆಯಲ್ಲಿ ಗಣಪತಿಗೆಂದು ಒಂದು ಸುಳಿ ಹಾಕುತ್ತಾರೆ. ನೋಡಲು ಇಂಗ್ಲಿಷಿನ ಎರಡರಂತೆಯೇ. ಸುಳಿಯಿಲ್ಲದಿದ್ದರೆ ದಿನದ ಮೊದಲ ಬಿಲ್ಲು ಬಿಲ್ಲೇ ಅಲ್ಲ ಎಂದು ಮೊದಲಾಳಿಯೇ ಕೈ ಹಿಡಿದು ಕಲಿಸಿದ್ದರು. ಕಂಪ್ಯೂಟರಿನಲ್ಲಿ ಸುಳಿ ಎಲ್ಲಿದೆ? ಎರಡು ಒತ್ತಿ, ಮನಸ್ಸಿನಲ್ಲೇ ಕೈ ಮುಗಿದು, ಅಳಿಸುತ್ತಿದ್ದೆ.

“ಗಣಪತಿ ನಮ್ಮ ಟೂಲ್‌ಗೂ ಸಿಕ್ಕಿಬಿಟ್ಟನಲ್ಲ!” ಎಂದು ನಕ್ಕಳು. ಎರಡು ಒತ್ತಿದ ಕೂಡಲೇ ಬಿಲ್ಲಿನ ಭಾಗ ಲೆಕ್ಕದ ಭಾಗದಿಂದ ಆ ಗಿರಾಕಿಯನ್ನು ಕರೆಸುತ್ತದಂತೆ. ಇಲ್ಲಿ ಅಳಿಸಿ ಬೇರೆ ನಂಬರ್ ಒತ್ತಿದರೂ ಅಲ್ಲಿಗೆ ಸುದ್ದಿ ಹೋಗುವುದಿಲ್ಲವಂತೆ, ಮೊದಲು ಕರೆಸಿದವನೇ ಉಳಿಯುತ್ತಾನಂತೆ.

“ಸರಿ ಮಾಡಕ್ಕಾಗಲ್ವಾ?”

“ಆಗುತ್ತೆ. ಆದ್ರೆ ಲೆಕ್ಕದ್ದು ಬೇರೆ ಟೀಮು. ಕೇಳಿ ಬರ್ತೀನಿ.”

ಒಳಗೆ ಹೋಗಿ ಬಂದವಳ ಮುಖದಲ್ಲಿ ನಗುವಿರಲಿಲ್ಲ. ಶುಕ್ರವಾರವೇ ಕೊಡಬೇಕಂತೆ, ಸರಿ ಮಾಡಲು ಹೊತ್ತಿಲ್ಲವಂತೆ. ಟೂಲಿನ ನೆನಪಿನಿಂದ ನನ್ನ ಎರಡನ್ನು ತೆಗೆದುಹಾಕಿ ಮತ್ತೆ ಓಡಿಸಿದಳು. ಎಲ್ಲ ಹಸಿರು.

“ಅಂಗಡೀಲಿ ನನ್ನ ಕೈ ಸುಮ್ನಿರಲ್ವಲ್ಲಮ್ಮ.”

“ಒತ್ತಬೇಡಿ ಅಣ್ಣ, ಅಷ್ಟೇ.”

ಕಂಪ್ಯೂಟರ್ ಬಂದ ದಿನ ಅಂಗಡಿಯಲ್ಲಿ ಪೂಜೆಯಾಯಿತು. ಮಾನಿಟರಿಗೆ ಕುಂಕುಮ, ಮಲ್ಲಿಗೆ. ಎರಡು ಒತ್ತಬಾರದು ಎಂದು ಗಟ್ಟಿ ಮಾಡಿಕೊಂಡೇ ಕೂತೆ. ಮೊದಲ ಗಿರಾಕಿ ಒಬ್ಬ ಕಂಟ್ರಾಕ್ಟರು. ಕೈ ಎರಡು ಒತ್ತಿ ಅಳಿಸಿತ್ತೆಂದು, ಬಿಲ್ಲು ಪ್ರಿಂಟಾಗಿ ಅವನ ಕೈಗೆ ಹೋದ ಮೇಲೆಯೇ ನನಗೆ ಗೊತ್ತಾದದ್ದು.

“ಎನ್ನಯ್ಯಾ ಇದು? ನನ್ನ ಬಿಲ್ಲಲ್ಲಿ ಆ ಇನ್ನೊಬ್ಬ ಕಂಟ್ರಾಕ್ಟರ ಹೆಸರಿದೆ! ನನಗೆ ಬರೋ ಕೆಲಸವನ್ನೆಲ್ಲ ಅವನೇ ಕಿತ್ಕೊಳ್ತಾನೆ, ಈಗ ಬಿಲ್ಲೂ ಅವನಿಗೇನಾ?”

ಎಲ್ಲರೂ ನಕ್ಕರು. ಮೊದಲಾಳಿ ನಗಲಿಲ್ಲ. ನುಂಗಂಬಾಕ್ಕಂಗೆ ಫೋನ್ ಹಚ್ಚಿದರು. ಟೆಸ್ಟಿನಲ್ಲಿ ಎಲ್ಲ ಹಸಿರು ಎಂದೇ ಅಲ್ಲಿಂದ ಉತ್ತರ. ಫೋನ್ ನನ್ನ ಕೈಗೆ ಬಂತು.

“ಮತ್ತೆ ಎರಡು ಒತ್ತಿದ್ರಾ ಅಣ್ಣ?” ಅವಳ ದನಿ ತಗ್ಗಿತ್ತು. “ನಾನೇನು ಮಾಡ್ಲಿ ಹೇಳಿ.”

ಅವಳ ಕೈಯಲ್ಲೂ ಏನೂ ಇರಲಿಲ್ಲ. ಫೋನ್ ಇಟ್ಟೆ.

“ಸಾಮಿಗೆ ಪೇಪರಲ್ಲಿ ಹಾಕು ಅಂತ ಹೇಳಿಕೊಟ್ಟೆ. ಮೆಷಿನ್ನಲ್ಲಿ ಯಾರು ಹಾಕಕ್ಕೆ ಹೇಳಿದ್ದು?” ಎಂದರು ಮೊದಲಾಳಿ. “ನಾಳೆ ಮತ್ತೆ ಹಾಕ್ತೀಯಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಇವತ್ತೂ ಹಾಗೆಂದುಕೊಂಡೇ ಕೂತಿದ್ದೆನಲ್ಲ. ಸುಳ್ಳು ಹೇಳಿ ಕುರ್ಚಿ ಉಳಿಸಿಕೊಳ್ಳುವ ಜಾಯಮಾನ ನನ್ನದಲ್ಲ. “ಕೈ ತಾನಾಗೇ ಒತ್ತಿಬಿಡುತ್ತೆ,” ಎಂದೆ.

“ಎದ್ದೇಳು,” ಎಂದರು, ಮೆಲ್ಲಗೆ. ತಾವೇ ಕೂತು ಒಂದೇ ಬೆರಳಿನಿಂದ ಒತ್ತತೊಡಗಿದರು. ನಾನು ಅವರ ಬೆನ್ನ ಹಿಂದೆ ನಿಂತು, ಯಾವ ಸ್ವಿಚ್ಚಿಗೆ ಯಾವ ನಂಬರೆಂದು ಅವರು ಕೇಳಿದಾಗೆಲ್ಲ ಹೇಳುತ್ತಾ ಹೋದೆ.